ಒಂದೇ ಪಾವತಿ, ಎರಡು ಕನೆಕ್ಷನ್: ಮನೂಕ ಕೋಲ್ಡ್ ಸ್ಟೋರೇಜ್‌ನಲ್ಲಿ ಗಾಡಿಗಳು ನಿಂತ ಸಂಜೆ

ವಿಜಯಪುರದ ಹೊರಗೆ ಒಂದು ಕೋಲ್ಡ್ ಸ್ಟೋರೇಜ್‌ಗೆ ನಾವು ವೆಬ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ಕಳೆದ ಸೀಜನ್‌ನಲ್ಲಿ ಅಲ್ಲಿ ಆದದ್ದನ್ನು ಪೂರ್ತಿ ಬರೆದಿಡಬೇಕು ಅಂತ ಆಗಿನಿಂದ ಅನಿಸುತ್ತಿತ್ತು. ಡೇಟಾಬೇಸ್ ಕನೆಕ್ಷನ್ (ಪ್ರೋಗ್ರಾಂ ಡೇಟಾಬೇಸ್ ಜತೆ ಮಾತಾಡುವ ದಾರಿ) ಅನ್ನುವ ಆಬ್ಜೆಕ್ಟನ್ನು ಯಾರು ಹುಟ್ಟಿಸಬೇಕು, ಯಾರ ಯಾರ ಕೈಗೆ ಕೊಡಬೇಕು ಅನ್ನುವುದು ಕ್ಲಾಸ್ (ಆಬ್ಜೆಕ್ಟ್‌ಗಳನ್ನು ಮಾಡುವ ಅಚ್ಚು) ಬರೆಯುವಾಗ ಎಲ್ಲರೂ ಅರ್ಧ ನಿಮಿಷದಲ್ಲಿ ಮುಗಿಸುವ ವಿಷಯ. ನಾವೂ ಹಾಗೇ ಮುಗಿಸಿದ್ದೆವು.

ಮೊದಲು ಅಲ್ಲಿನ ಕೆಲಸ ಹೇಗೆ ನಡೆಯುತ್ತದೆ ಹೇಳಿಬಿಡ್ತೀನಿ. ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರು ಶೆಡ್‌ನಲ್ಲಿ ಹಣ್ಣು ಒಣಗಿಸಿ ಮನೂಕ ಮಾಡುತ್ತಾರೆ. ಬೇಸಿಗೆಯ ಬಿಸಿಗೆ ಮನೂಕದ ಬಣ್ಣ ಕಂದುತ್ತದೆ, ಬಣ್ಣ ಹೋದರೆ ರೇಟೂ ಹೋಯಿತು. ಅದಕ್ಕೆ ಮಾರ್ಚ್, ಏಪ್ರಿಲ್‌ನಲ್ಲಿ ಮಾಲು ಸೀದಾ ಕೋಲ್ಡ್ ಸ್ಟೋರೇಜ್‌ಗೆ ಬರುತ್ತದೆ. 15 ಕೆಜಿಯ ಬಾಕ್ಸ್‌ಗಳು, ಬಣ್ಣ ಮತ್ತು ದರ್ಜೆ ನೋಡಿ ಬೇರೆ ಬೇರೆ ಲಾಟ್. ಹಮಾಲರು ಇಳಿಸುತ್ತಾರೆ, ಕೌಂಟರ್‌ನಲ್ಲಿ ಕಾಕಾ ಎಣಿಸಿ ಕಂಪ್ಯೂಟರ್‌ಗೆ ಹಾಕುತ್ತಾರೆ, ರೈತನಿಗೆ ಪಾವತಿ ಸಿಗುತ್ತದೆ. ನಮ್ಮ ಕಡೆ ರಸೀದಿಗೆ ಪಾವತಿ ಅಂತಾರೆ, ಇಲ್ಲಿ ಮುಂದೆಯೂ ಹಾಗೇ ಬರೆಯುತ್ತೇನೆ. ಒಂದು ಪಾವತಿ, ಅದರ ಕೆಳಗೆ ಮೂರೋ ನಾಲ್ಕೋ ಲಾಟ್. ಆ ಕಾಗದ ಸುಮ್ನೆ ಕಾಗದ ಅಲ್ಲ. ಒಳಗಿರುವ ಮಾಲು ತನ್ನದು ಅನ್ನುವುದಕ್ಕೆ ರೈತನ ಹತ್ತಿರ ಇರುವ ಪುರಾವೆ ಅದೊಂದೇ, ಅದರ ಮೇಲೆ ಸಾಲ ಎತ್ತುವವರೂ ಇದ್ದಾರೆ.

ನಮ್ಮದು ಎರಡು ಜನರ ಆಫೀಸು. ನಾನು, ಮತ್ತು ಕಾಲೇಜು ಮುಗಿಸಿ ನೇರ ಬಂದು ಸೇರಿದ ಒಬ್ಬ ಹುಡುಗಿ. ಪ್ರೋಗ್ರಾಂ ಬರೆದದ್ದು ಪಿಎಚ್‌ಪಿ 8ರಲ್ಲಿ, ಡೇಟಾಬೇಸ್ ಮೈಎಸ್‌ಕ್ಯುಎಲ್ 8, ವೆಬ್ ಸರ್ವರ್ ಎಂಜಿನ್‌ಎಕ್ಸ್, 2 ಜಿಬಿ ಮೆಮೊರಿಯ ಒಂದು ಬಾಡಿಗೆ ಸರ್ವರ್. ರೈತ, ಪಾವತಿ, ಲಾಟ್, ಚೇಂಬರ್ ಅಂತ ನಾಲ್ಕು ಮುಖ್ಯ ಕ್ಲಾಸ್‌ಗಳು.

ಮಾರ್ಚ್‌ನಲ್ಲಿ ಬಂದ ಮೊದಲ ತೊಂದರೆ

ಈ ನಾಲ್ಕೂ ಕ್ಲಾಸ್‌ಗಳು ಡೇಟಾಬೇಸ್ ಅನ್ನುವ ತಾಯಿ ಕ್ಲಾಸ್‌ನಿಂದ ಇನ್‌ಹೆರಿಟ್ ಆಗಿದ್ದವು, ಅಂದರೆ ಅದರಲ್ಲಿದ್ದದ್ದೆಲ್ಲ ಇವಕ್ಕೂ ಬರುತ್ತಿತ್ತು. ತಾಯಿ ಕ್ಲಾಸ್‌ನ ಕನ್‌ಸ್ಟ್ರಕ್ಟರ್‌ನಲ್ಲಿ, ಅಂದರೆ ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್‌ನಲ್ಲಿ, ಹೊಸ ಪಿಡಿಒ ಆಬ್ಜೆಕ್ಟ್ (ಪಿಎಚ್‌ಪಿಯಲ್ಲಿ ಡೇಟಾಬೇಸ್ ಕನೆಕ್ಷನ್) ಹುಟ್ಟುತ್ತಿತ್ತು. ಬರೆಯಲು ತುಂಬಾ ಅನುಕೂಲ, ಎಲ್ಲಿ ಬೇಕಾದರೂ ಕನೆಕ್ಷನ್ ಕೈಗೆ ಸಿಗುತ್ತದೆ. ಆದರೆ ಲಾಟ್ ಅಂದರೆ ಬಾಕ್ಸ್‌ಗಳ ಗುಂಪು, ಅದು ಒಂದು ಡೇಟಾಬೇಸ್ ಅಲ್ಲ. ಈ ತಪ್ಪು ಸಂಬಂಧಕ್ಕೆ ಏನು ಬೆಲೆ ತೆರಬೇಕು ಅನ್ನುವುದು ಸೀಜನ್ ಜೋರಾದಾಗ ಗೊತ್ತಾಯಿತು.

ಲಾಟ್‌ಗಳ ಪಟ್ಟಿ ತೋರಿಸುವ ಪುಟದಲ್ಲಿ ಒಂದು ಸಲಕ್ಕೆ 40 ಲಾಟ್ ಬರುತ್ತವೆ. 40 ಲಾಟ್ ಆಬ್ಜೆಕ್ಟ್, ಜತೆಗೆ ಪಟ್ಟಿ ತರುವ ಇನ್ನೊಂದು. ಪ್ರತಿಯೊಂದಕ್ಕೂ ಸ್ವಂತ ಕನೆಕ್ಷನ್. ಅಂದರೆ ಒಬ್ಬರು ಒಂದು ಪುಟ ತೆರೆದರೆ 41 ಕನೆಕ್ಷನ್. ಮೈಎಸ್‌ಕ್ಯುಎಲ್‌ನಲ್ಲಿ ಏನೂ ಬದಲಿಸದೆ ಬಿಟ್ಟರೆ ಮಿತಿ 151. ನಾಲ್ಕು ಜನ ಒಟ್ಟಿಗೆ ತೆರೆದರೆ 164, ಅಲ್ಲಿಗೆ ಮುಗಿಯಿತು. ಟೂ ಮೆನಿ ಕನೆಕ್ಷನ್ಸ್, ಎರರ್ ನಂಬರ್ 1040.

151ರ ಮೇಲೆ ಇನ್ನೊಂದು ಜಾಗವನ್ನು ಮೈಎಸ್‌ಕ್ಯುಎಲ್ ಅಡ್ಮಿನ್‌ಗೆ ಅಂತ ಕಾದಿಡುತ್ತದೆ, ಇಂಥ ಹೊತ್ತಿನಲ್ಲಿ ಒಳಗೆ ಹೋಗಿ ನೋಡಲಿ ಅಂತ. ನಮಗೆ ಅದೂ ಸಿಗಲಿಲ್ಲ. ಅಪ್ಲಿಕೇಶನ್ ಕೂಡ ಎಲ್ಲ ಹಕ್ಕಿರುವ ರೂಟ್ ಯೂಸರ್ ಹೆಸರಿನಲ್ಲೇ ಕನೆಕ್ಟ್ ಆಗುತ್ತಿತ್ತು, ಹಾಗಾಗಿ ಆ ಕೊನೆಯ ಜಾಗವನ್ನೂ ಅದೇ ತುಂಬಿತ್ತು. ನೀವು ಇನ್ನೂ ರೂಟ್‌ನಲ್ಲೇ ಓಡಿಸುತ್ತಿದ್ದರೆ ಇವತ್ತೇ ಬೇರೆ ಯೂಸರ್ ಮಾಡಿ. ಐದು ನಿಮಿಷದ ಕೆಲಸ.

ಅವತ್ತು ನಾನು ಮಿತಿಯನ್ನು 500ಕ್ಕೆ ಏರಿಸಿದೆ. ಎರರ್ ನಿಂತಿತು, ಸರ್ವರ್ ತೆವಳತೊಡಗಿತು. ಪ್ರತಿ ಕನೆಕ್ಷನ್‌ಗೂ ಮೈಎಸ್‌ಕ್ಯುಎಲ್ ಒಂದು ಥ್ರೆಡ್ ಮತ್ತು ಸ್ವಲ್ಪ ಮೆಮೊರಿ ಎತ್ತಿಡುತ್ತದೆ, 2 ಜಿಬಿಯಲ್ಲಿ ಅಷ್ಟೆಲ್ಲ ಎಲ್ಲಿಂದ ತರುವುದು?

ಆಮೇಲೆ ಕನೆಕ್ಷನ್ ಇಡುವ ಜಾಗವನ್ನು ಸ್ಟ್ಯಾಟಿಕ್ ಮಾಡಿದೆವು. ಒಮ್ಮೆ ತೆರೆದರೆ ಅದೇ ಮತ್ತೆ ಮತ್ತೆ ಬಳಕೆಯಾಗಲಿ ಅಂತ. ಲಾಟ್ ಪುಟದ 41 ಕನೆಕ್ಷನ್ ಒಂದೆರಡಕ್ಕೆ ಇಳಿಯಿತು. ಮಾಲಕರು ಫೋನ್ ಮಾಡಿ "ಈಗ ಭಾರಿ ಫಾಸ್ಟ್ ಆಗೇದ್ರೀ" ಅಂದರು. ನಾವು ಅಲ್ಲಿಗೆ ಬಿಟ್ಟೆವು.

ಅಲ್ಲಿಗೇ ಬಿಟ್ಟದ್ದು ದೊಡ್ಡ ತಪ್ಪು. ಪಿಎಚ್‌ಪಿಯಲ್ಲಿ ತಾಯಿ ಕ್ಲಾಸ್‌ನ ಸ್ಟ್ಯಾಟಿಕ್ ಪ್ರಾಪರ್ಟಿ ಎಲ್ಲ ಮಕ್ಕಳಿಗೂ ಒಂದೇ, ನಿಜ. ಆದರೆ ಮಗಳು ಕ್ಲಾಸ್ ಅದೇ ಹೆಸರಿನಲ್ಲಿ ಇನ್ನೊಮ್ಮೆ ಬರೆದುಕೊಂಡರೆ ಅವಳದು ಬೇರೆಯಾಗುತ್ತದೆ. ನಾವು ಒಂದು ಕ್ಲಾಸ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡುವಾಗ ಆ ಸಾಲೂ ಜತೆಗೆ ಹೋಗಿತ್ತು. ಹಾಗಾಗಿ ಇಡೀ ಅಪ್ಲಿಕೇಶನ್‌ಗೆ ಒಂದು ಕನೆಕ್ಷನ್ ಅಂತ ನಾವು ತಿಳಿದಿದ್ದೆವು, ನಿಜಕ್ಕೂ ಕ್ಲಾಸ್‌ಗೆ ಒಂದರಂತೆ ನಾಲ್ಕು ಇದ್ದವು. ನಾಲ್ಕು ಅಂದರೆ ಕಡಿಮೆಯೇ, ಮಿತಿ ಮುಟ್ಟುವ ಮಾತೇ ಇಲ್ಲ. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ.

ಏಪ್ರಿಲ್‌ನ ಆ ಸಂಜೆ

ಒಂದು ದಿನ ರೈತರೊಬ್ಬರು ಪಾವತಿ ಹಿಡಿದು ಬಂದರು. ಕಾಗದದಲ್ಲಿ 320 ಬಾಕ್ಸ್, ಪರದೆಯಲ್ಲಿ ಸೊನ್ನೆ. ಪಾವತಿ ಸೇವ್ ಆಗಿತ್ತು, ಅದರ ಲಾಟ್‌ಗಳು ಆಗಿರಲಿಲ್ಲ. ಚೇಂಬರ್ ನಂಬರ್ ಖಾಲಿ ಬಿಟ್ಟಿದ್ದರಿಂದ ಲಾಟ್ ಸೇರಿಸುವಾಗ ಎರರ್ ಬಂದಿತ್ತು, ಅಷ್ಟರಲ್ಲಿ ಪಾವತಿ ಒಳಗೆ ಹೋಗಿ ಕೂತಿತ್ತು. ಮಾಲು ಚೇಂಬರ್‌ನಲ್ಲಿ ಭದ್ರವಾಗಿಯೇ ಇತ್ತು, ತೋರಿಸಿದೆವು, ಸರಿ ಮಾಡಿಕೊಟ್ಟೆವು. ಆದರೂ ಆ ಮನುಷ್ಯ ಕಾಗದವನ್ನು ಮಡಿಸಿ ಮಡಿಸಿ ಜೇಬಿಗಿಟ್ಟುಕೊಂಡ ರೀತಿ ನನಗೆ ಇನ್ನೂ ನೆನಪಿದೆ. ವರ್ಷದ ದುಡಿಮೆ ಅದರಲ್ಲಿತ್ತು.

ಇದಕ್ಕೆ ಮದ್ದು ಎಲ್ಲರಿಗೂ ಗೊತ್ತಿರುವುದೇ, ಟ್ರಾನ್ಸಾಕ್ಷನ್. ಪಾವತಿ ಮತ್ತು ಲಾಟ್ ಎರಡೂ ಒಟ್ಟಿಗೆ ಉಳಿಯಬೇಕು, ಇಲ್ಲ ಎರಡೂ ಹೋಗಬೇಕು. ಪಾವತಿ ಕ್ಲಾಸ್‌ನ ಸೇವ್ ಮೆಥಡ್‌ನಲ್ಲಿ ಶುರುವಿಗೆ ಬಿಗಿನ್, ಕೊನೆಗೆ ಎಲ್ಲವನ್ನೂ ಖಾಯಂ ಮಾಡುವ ಕಮಿಟ್, ನಡುವೆ ಲಾಟ್ ಕ್ಲಾಸ್‌ನ ಸೇವ್ ಮೆಥಡನ್ನು ಕರೆಯುವ ಲೂಪ್. ಆಫೀಸ್‌ನಲ್ಲಿ ಲ್ಯಾಪ್‌ಟಾಪ್ ಮೇಲೆ ಹತ್ತು ಸಲ ಓಡಿಸಿ ನೋಡಿದೆವು, ಒಂದು ಸಲವೂ ತೊಂದರೆ ಬರಲಿಲ್ಲ. ಮಧ್ಯಾಹ್ನ ಸರ್ವರ್‌ಗೆ ಹಾಕಿದೆವು.

ಐದು ಗಂಟೆ ಸುಮಾರಿಗೆ ಕಾಕಾ ಫೋನ್. "ಸರ್ರ, ಚಕ್ರ ತಿರಗಲಾಕತ್ತದ, ಪಾವತಿ ಬರವಲ್ದು. ಹೊರಗ ಆರು ಗಾಡಿ ನಿಂತಾವ ನೋಡ್ರಿ."

ನಾವಿಬ್ಬರೂ ಬೈಕ್ ಹತ್ತಿ ಹೋದೆವು. ಗೇಟ್ ಹೊರಗೆ ಟೆಂಪೋಗಳ ಸಾಲು, ಮೇಲೆ ತಾಡಪತ್ರಿ, ಇಳಿಬಿಸಿಲಿನಲ್ಲೂ ಬಾಕ್ಸ್ ಮುಟ್ಟಿದರೆ ಬೆಚ್ಚಗೆ. ಒಳಗೆ ಕಾಕಾ ಒಂದು ಸಲ ಬಟನ್ ಒತ್ತುವುದು, ಒಂದು ನಿಮಿಷ ಕಾಯುವುದು, 504 (ಉತ್ತರ ಸಮಯಕ್ಕೆ ಬರಲಿಲ್ಲ ಅನ್ನುವ ಎರರ್) ಅಂತ ಬಂದಮೇಲೆ ಮತ್ತೆ ಮೊದಲಿಂದ ಎಲ್ಲ ತುಂಬುವುದು. ಗಾಡಿ ಕಾಯಿಸುವುದು ಬೇಡ ಅಂತ ನಾನು ಹಳೇ ಪಾವತಿ ಬುಕ್ ತೆಗೆಸಿ ಕೈಯಲ್ಲೇ ಬರೆಯಲು ಹೇಳಿದೆ. ಆ ಬುಕ್ ಇದ್ದದ್ದೇ ಪುಣ್ಯ, ಅವತ್ತಿನ ಪೂರ್ತಿ ಲೆಕ್ಕ ಅದರಿಂದಲೇ ಸಿಕ್ಕಿತು.

ರಾತ್ರಿ ಎಲ್ಲರೂ ಹೋದಮೇಲೆ ಅದೇ ಕೌಂಟರ್‌ನಲ್ಲಿ ಕೂತೆವು. ಅವಳು ಒಂದು ಪಾವತಿ ತುಂಬಿ ಬಟನ್ ಒತ್ತಿದಳು, ನಾನು ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ, ತೆರೆದಿರುವ ಕನೆಕ್ಷನ್‌ಗಳನ್ನು ತೋರಿಸುವ ಶೋ ಪ್ರೊಸೆಸ್‌ಲಿಸ್ಟ್ ಹೊಡೆದೆ. ಅಪ್ಲಿಕೇಶನ್‌ನಿಂದ ಎರಡು ಸಾಲು ಕಂಡವು. ಒಂದು ಕನೆಕ್ಷನ್ ನಂಬರ್ 812, ಸುಮ್ನೆ ಕೂತಿದೆ, ಸ್ಲೀಪ್. ಇನ್ನೊಂದು 813, ಲಾಟ್ ಟೇಬಲ್‌ಗೆ ಇನ್‌ಸರ್ಟ್, 20 ಸೆಕೆಂಡ್‌ನಿಂದ ಅಲ್ಲೇ. ನಾನು 813ನ್ನೇ ದಿಟ್ಟಿಸುತ್ತಿದ್ದೆ, ಇಂಡೆಕ್ಸ್ ಏನಾದರೂ ಕೆಟ್ಟಿದೆಯಾ ಅಂತ. ಅವಳು ಪಕ್ಕದಿಂದ ಬಗ್ಗಿ ನೋಡಿ ಕೇಳಿದಳು, "ಅಣ್ಣಾ, ಪಾವತಿ ಮಾಡಾಕತ್ತದ್ದು ನಾ ಒಬ್ಬಾಕಿ. ಎರಡು ಕನೆಕ್ಷನ್ ಯಾಕ ಅದಾವು?"

ಅಷ್ಟೇ ಸಾಕಾಯಿತು. ಮೈಎಸ್‌ಕ್ಯುಎಲ್ ಒಳಗೆ ಡೇಟಾ ಇಡುವ ಎಂಜಿನ್ ಇನ್ನೊಡಿಬಿ. ಸಿಸ್ ಸ್ಕೀಮಾದಲ್ಲಿ ಇನ್ನೊಡಿಬಿ ಲಾಕ್ ವೇಟ್ಸ್ ಅಂತ ಒಂದು ವ್ಯೂ ಇದೆ, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಅಂತ ಅದು ತೋರಿಸುತ್ತದೆ. ತೆರೆದರೆ 813 ಕಾಯುತ್ತಿರುವುದು 812ಕ್ಕೆ. 812 ಈಗ ಏನು ಓಡಿಸುತ್ತಿದೆ ಅನ್ನುವ ಕಾಲಂ ಖಾಲಿ.

ಒಳಗೆ ಆಗಿದ್ದು ಏನು

ಟ್ರಾನ್ಸಾಕ್ಷನ್ ಅನ್ನುವುದು ಕನೆಕ್ಷನ್‌ಗೆ ಸೇರಿದ್ದು. ಪೇಜ್‌ಗೂ ಅಲ್ಲ, ಯೂಸರ್‌ಗೂ ಅಲ್ಲ, ಕ್ಲಾಸ್‌ಗೂ ಅಲ್ಲ. ಪಾವತಿ ಕ್ಲಾಸ್ ತನ್ನ ಕನೆಕ್ಷನ್ 812ರಲ್ಲಿ ಬಿಗಿನ್ ಹೇಳಿ ಪಾವತಿಯ ಸಾಲು ಸೇರಿಸಿತು. ಇನ್ನೂ ಕಮಿಟ್ ಆಗಿಲ್ಲ, ಆ ಸಾಲು ಲಾಕ್ ಆಗಿದೆ. ಲಾಟ್ ಕ್ಲಾಸ್ ತನ್ನ ಬೇರೆ ಕನೆಕ್ಷನ್ 813ರಿಂದ ಲಾಟ್ ಸೇರಿಸಲು ಹೋಯಿತು. ಲಾಟ್ ಟೇಬಲ್‌ನಲ್ಲಿ ಪಾವತಿ ನಂಬರ್ ಫಾರಿನ್ ಕೀ, ಅಂದರೆ ಪಾವತಿ ಟೇಬಲ್‌ನ ಸಾಲಿಗೆ ಕೊಂಡಿ. ಆ ನಂಬರಿನ ಪಾವತಿ ನಿಜವಾಗಿ ಇದೆಯಾ ಅಂತ ಇನ್ನೊಡಿಬಿ ನೋಡಬೇಕು, ನೋಡಲು ಆ ಸಾಲಿನ ಮೇಲೆ ಶೇರ್ಡ್ ಲಾಕ್ ಬೇಕು. ಅದು 812ರ ಹಿಡಿತದಲ್ಲಿದೆ. 813 ಕಾಯುತ್ತಾ ನಿಂತಿತು. 812 ಯಾವಾಗ ಕಮಿಟ್ ಆಗುತ್ತದೆ? ಲಾಟ್‌ಗಳ ಲೂಪ್ ಮುಗಿದಮೇಲೆ. ಲೂಪ್ ಯಾವಾಗ ಮುಗಿಯುತ್ತದೆ? 813ಕ್ಕೆ ಲಾಕ್ ಸಿಕ್ಕಮೇಲೆ. ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಯಾರಾದರೂ ತೆಗೆಯಲಿ ಅಂತ ಎಡಗೈಯಿಂದ ಬಾಗಿಲು ತಟ್ಟಿದ ಹಾಗೆ.

ಡೆಡ್‌ಲಾಕ್ (ಎರಡೂ ಒಂದಕ್ಕೊಂದು ಕಾಯುತ್ತಾ ನಿಲ್ಲುವುದು) ಆದರೆ ಇನ್ನೊಡಿಬಿ ತಾನೇ ಹಿಡಿದು ಒಂದನ್ನು ಬಿಡಿಸುತ್ತದಲ್ವಾ ಅಂತ ಕೇಳಬಹುದು. ಹಿಡಿಯುತ್ತದೆ, ಆದರೆ ಎರಡೂ ಕಡೆ ಕಾಯುವುದು ಡೇಟಾಬೇಸ್ ಒಳಗೇ ಇದ್ದರೆ ಮಾತ್ರ. ಇಲ್ಲಿ 812 ಡೇಟಾಬೇಸ್‌ನಲ್ಲಿ ಯಾವುದಕ್ಕೂ ಕಾಯುತ್ತಿಲ್ಲ, ಸುಮ್ನೆ ಇದೆ. ಕಾಯುತ್ತಿರುವುದು ಹೊರಗಿನ ಪಿಎಚ್‌ಪಿ. ಈ ಎರಡು ಕನೆಕ್ಷನ್‌ಗಳ ಆ ತುದಿಯಲ್ಲಿ ಇರುವುದು ಒಂದೇ ಪ್ರೋಗ್ರಾಂ ಅಂತ ಇನ್ನೊಡಿಬಿಗೆ ಗೊತ್ತಾಗುವ ದಾರಿಯೇ ಇಲ್ಲ. ಅದಕ್ಕೆ ಲಾಕ್ ಕಾಯುವ ಅವಧಿ ಮುಗಿಯುವವರೆಗೆ, ಅಂದರೆ ಡಿಫಾಲ್ಟ್ 50 ಸೆಕೆಂಡ್, ಅದು ಕಾಯಿಸುತ್ತದೆ. ಆಮೇಲೆ ಎರರ್ 1205.

ಪಿಎಚ್‌ಪಿಯ 30 ಸೆಕೆಂಡ್ ಮಿತಿ ಯಾಕೆ ಕೆಲಸ ಮಾಡಲಿಲ್ಲ? ಲಿನಕ್ಸ್‌ನಲ್ಲಿ ಆ ಮಿತಿ ಲೆಕ್ಕ ಇಡುವುದು ಸ್ಕ್ರಿಪ್ಟ್ ತಾನು ಓಡಿದ ಹೊತ್ತನ್ನು, ಡೇಟಾಬೇಸ್ ಉತ್ತರಕ್ಕೆ ಕಾದ ಹೊತ್ತು ಅದರಲ್ಲಿ ಸೇರುವುದಿಲ್ಲ. ಇದು ಗೊತ್ತಿಲ್ಲದೆ ಅದನ್ನೇ ನಂಬಿಕೊಂಡವರು ಬಹಳ ಜನ ಇದ್ದಾರೆ.

ಇನ್ನು ಎಲ್ಲಕ್ಕಿಂತ ಕೆಟ್ಟದ್ದು. ಲಾಟ್ ಕ್ಲಾಸ್ ಒಳಗೆ ನಾವು ಎಕ್ಸೆಪ್ಶನ್ (ಎರರ್‌ನ ಸೂಚನೆ) ಹಿಡಿದು ಫಾಲ್ಸ್ ವಾಪಸ್ ಕೊಡುತ್ತಿದ್ದೆವು. ಪಾವತಿ ಕ್ಲಾಸ್ ಆ ಫಾಲ್ಸ್ ನೋಡುತ್ತಿರಲಿಲ್ಲ. ಮೂರು ಲಾಟ್ ಇದ್ದರೆ 50 ಸೆಕೆಂಡ್ ಮೂರು ಸಲ, ಒಟ್ಟು 150. ಎಂಜಿನ್‌ಎಕ್ಸ್ 60 ಸೆಕೆಂಡ್‌ಗೇ ಬೇಸತ್ತು ಕಾಕಾಗೆ 504 ತೋರಿಸಿಬಿಟ್ಟಿತ್ತು. ಹಿಂದೆ ಪಿಎಚ್‌ಪಿ ಮಾತ್ರ ತನ್ನಷ್ಟಕ್ಕೆ ಓಡುತ್ತಲೇ ಇತ್ತು, ಮೂರೂ ಲಾಟ್ ಸೋತಮೇಲೆ ನೆಟ್ಟಗೆ ಹೋಗಿ ಕಮಿಟ್ ಮಾಡಿತು. ಲಾಟ್ ಇಲ್ಲದ ಪಾವತಿ. ಯಾವುದನ್ನು ತಡೆಯಲು ಟ್ರಾನ್ಸಾಕ್ಷನ್ ಹಾಕಿದೆವೋ ಅದೇ ಆಯಿತು. ಕಾಕಾ ಸೇವ್ ಆಗಿಲ್ಲ ಅಂದುಕೊಂಡು ಮತ್ತೆ ಒತ್ತಿದಾಗಲೆಲ್ಲ ಇನ್ನೊಂದು. ಆ ಸಂಜೆ ಇಂಥವು 11.

ಲ್ಯಾಪ್‌ಟಾಪ್‌ನಲ್ಲಿ ಯಾಕೆ ಸಿಕ್ಕಲಿಲ್ಲ ಅನ್ನುವುದಕ್ಕೆ ಉತ್ತರ ಮರುದಿನ ಸಿಕ್ಕಿತು. ಅಲ್ಲಿನ ಡೇಟಾಬೇಸ್ ಹಳೇ ಪ್ರಾಜೆಕ್ಟ್‌ನ ಡಂಪ್‌ನಿಂದ (ಡೇಟಾಬೇಸ್ ನಕಲಿನಿಂದ) ಬಂದಿತ್ತು, ಟೇಬಲ್‌ಗಳು ಮೈಐಸಾಮ್ ಅನ್ನುವ ಬೇರೆ ಎಂಜಿನ್‌ನವು. ಮೈಐಸಾಮ್‌ನಲ್ಲಿ ಟ್ರಾನ್ಸಾಕ್ಷನ್ ಇಲ್ಲ, ಫಾರಿನ್ ಕೀ ಇಲ್ಲ. ಆದರೆ ಬಿಗಿನ್ ಹೇಳಿದರೆ ಎರರ್ ಕೊಡುವುದೂ ಇಲ್ಲ. ಪರೀಕ್ಷೆ ಮಾಡುವ ಡೇಟಾಬೇಸ್ ಮತ್ತು ಓಡುವ ಡೇಟಾಬೇಸ್ ಒಂದೇ ಎಂಜಿನ್ ಇರಬೇಕು, ಇದರಲ್ಲಿ ರಾಜಿ ಬೇಡ.

ಸಿಂಗಲ್‌ಟನ್ ಹಾಕಿದೆವು, ಒಂದು ವಾರ

ಆ ರಾತ್ರಿಯೇ ನಾಲ್ಕು ಸ್ಟ್ಯಾಟಿಕ್‌ಗಳನ್ನು ಕಿತ್ತುಹಾಕಿ, ಕನೆಕ್ಷನ್ ಅನ್ನುವ ಒಂದೇ ಕ್ಲಾಸ್, ಅದರಲ್ಲಿ ಒಂದೇ ಆಬ್ಜೆಕ್ಟ್, ಯಾರು ಕೇಳಿದರೂ ಅದೇ ಸಿಗಬೇಕು ಅಂತ ಮಾಡಿದೆವು. ಇದಕ್ಕೇ ಸಿಂಗಲ್‌ಟನ್ ಅಂತಾರೆ. ಬೆಳಿಗ್ಗೆ ಗಾಡಿಗಳು ಸರಾಗವಾಗಿ ಹೋದವು. ತುರ್ತಿಗೆ ಸಿಂಗಲ್‌ಟನ್ ಒಳ್ಳೆಯದೇ, ಅದನ್ನು ಬೈಯುವವರ ಗುಂಪಿನಲ್ಲಿ ನಾನಿಲ್ಲ. ಆದರೆ ಒಂದು ವಾರದಲ್ಲಿ ಮೂರು ಕಡೆ ಕಿತ್ತಾಟ ಶುರುವಾಯಿತು.

ಒಂದು, ಲಾಗ್. ಪಾವತಿ ಸೇವ್ ಆಗದಿದ್ದರೆ ಯಾಕೆ ಅಂತ ಲಾಗ್ ಟೇಬಲ್‌ನಲ್ಲಿ ಬರೆಯುತ್ತೇವೆ. ಈಗ ಎಲ್ಲರಿಗೂ ಒಂದೇ ಕನೆಕ್ಷನ್ ಆದ್ದರಿಂದ ರೋಲ್‌ಬ್ಯಾಕ್ (ಬಿಗಿನ್ ಆದಮೇಲಿನದೆಲ್ಲ ರದ್ದು) ಆದಾಗ ಲಾಗ್ ಸಾಲೂ ಜತೆಗೆ ಅಳಿಸಿ ಹೋಗುತ್ತಿತ್ತು. ಎರರ್ ಆದ ದಿನವೇ ಎರರ್‌ನ ದಾಖಲೆ ಇಲ್ಲ. ನನಗೆ ಇಡೀ ವಿಷಯ ತಿಳಿಯಾದದ್ದು ಇಲ್ಲೇ. ಹಿಂದಿನ ವಾರ ಎರಡು ಕನೆಕ್ಷನ್ ಇದ್ದದ್ದು ತಪ್ಪು, ಈ ವಾರ ಒಂದೇ ಇದ್ದದ್ದು ತಪ್ಪು. ಹಾಗಾದರೆ ನಾವು ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೇ ಸರಿ ಇರಲಿಲ್ಲ. ಎಷ್ಟು ಕನೆಕ್ಷನ್ ಅಂತಲ್ಲ, ಯಾವ ಯಾವ ಕೆಲಸ ಒಟ್ಟಿಗೆ ಉಳಿಯಬೇಕು ಅಥವಾ ಒಟ್ಟಿಗೆ ಹೋಗಬೇಕು ಅಂತ ಕೇಳಬೇಕು. ಒಟ್ಟಿಗೆ ಹೋಗಬೇಕಾದವು ಒಂದೇ ಆಬ್ಜೆಕ್ಟ್ ಹಂಚಿಕೊಳ್ಳಲಿ. ಬೇರೆ ಉಳಿಯಬೇಕಾದ್ದಕ್ಕೆ ಬೇಕಂತಲೇ ಬೇರೆ ಕೊಡಬೇಕು.

ಎರಡು, ಬಿಗಿನ್ ಯಾರು ಹೇಳಬೇಕು ಅನ್ನುವ ಗೊಂದಲ. ಒಂದು ಚೇಂಬರ್‌ನಿಂದ ಇನ್ನೊಂದಕ್ಕೆ ಮಾಲು ಸರಿಸುವ ಮೆಥಡ್‌ನಲ್ಲಿ ಲಾಟ್ ಕ್ಲಾಸ್ ತಾನೇ ಬಿಗಿನ್ ಹೇಳುತ್ತಿತ್ತು. ಪಾವತಿ ತಿದ್ದುವಾಗ ಅದೇ ಮೆಥಡನ್ನು ಕರೆದರೆ, ಆಗಲೇ ಒಂದು ಟ್ರಾನ್ಸಾಕ್ಷನ್ ನಡೆದಿದೆ ಅಂತ ಪಿಡಿಒ ಎಕ್ಸೆಪ್ಶನ್ ಎಸೆಯುತ್ತದೆ. ಒಳ್ಳೆಯದೇ ಮಾಡಿತು.

ಮೂರು, ಎಸ್‌ಎಂಎಸ್. ರೈತರಿಗೆ ಮೆಸೇಜ್ ಕಳಿಸುವ ಒಂದು ಸ್ಕ್ರಿಪ್ಟ್ ಹಗಲೂ ರಾತ್ರಿ ಓಡುತ್ತಿರುತ್ತದೆ, ಹೊಸ ಪಾವತಿ ಆದರೆ ಎಬ್ಬಿಸುತ್ತೇವೆ. ಸಂಜೆ ಏಳಕ್ಕೆ ಗೇಟ್ ಮುಚ್ಚಿದರೆ ಬೆಳಿಗ್ಗೆವರೆಗೆ ಅದಕ್ಕೆ ಕೆಲಸವಿಲ್ಲ. 28800 ಸೆಕೆಂಡ್, ಅಂದರೆ 8 ಗಂಟೆ ಸುಮ್ನಿದ್ದ ಕನೆಕ್ಷನನ್ನು ಮೈಎಸ್‌ಕ್ಯುಎಲ್ ಮುಚ್ಚುತ್ತದೆ. ಸಿಂಗಲ್‌ಟನ್ ಮಾತ್ರ ಸತ್ತ ಆಬ್ಜೆಕ್ಟನ್ನೇ ಮತ್ತೆ ಮತ್ತೆ ಕೊಡುತ್ತಿತ್ತು. ಬೆಳಗಿನ ಮೊದಲ ಮೆಸೇಜ್‌ಗಳು ಹೋಗುತ್ತಲೇ ಇರಲಿಲ್ಲ.

ಈಗ ಇರುವ ರೀತಿ

ಕನೆಕ್ಷನ್ ಹುಟ್ಟುವುದು ಒಂದೇ ಫೈಲ್‌ನಲ್ಲಿ, ರಿಕ್ವೆಸ್ಟ್ ಶುರುವಾಗುವ ಜಾಗದಲ್ಲಿ. ಅಲ್ಲಿಂದ ಬೇಕಾದವರಿಗೆ ಕನ್‌ಸ್ಟ್ರಕ್ಟರ್ ಮೂಲಕ ಕೈಗೆ ಕೊಡುತ್ತೇವೆ. ಡಿಪೆಂಡೆನ್ಸಿ ಇಂಜೆಕ್ಷನ್ ಅನ್ನುವ ದೊಡ್ಡ ಹೆಸರು ಕೇಳಿ ಮೊದಲು ಹೆದರಿದ್ದೆವು, ಇದಕ್ಕೆ ಯಾವ ಫ್ರೇಮ್‌ವರ್ಕೂ ಬೇಕಾಗಲಿಲ್ಲ, ಬೇಕಾದ್ದನ್ನು ಕೈಗೆ ಕೊಡುವುದು ಅಷ್ಟೇ.

ಲಾಟ್ ಈಗ ಬರೀ ಲಾಟ್. ಬಾಕ್ಸ್ ಎಷ್ಟು, ದರ್ಜೆ ಏನು, ಯಾವ ಚೇಂಬರ್, ಇಷ್ಟೇ ಅದಕ್ಕೆ ಗೊತ್ತು. ಓದುವುದು ಬರೆಯುವುದು ಲಾಟ್ ಭಂಡಾರ ಅನ್ನುವ ಬೇರೆ ಕ್ಲಾಸ್‌ನ ಕೆಲಸ, ಅದು 40 ಲಾಟ್‌ಗೂ ಒಂದೇ. ಆವಕ ಸೇವೆ ಅಂತ ಒಂದು ಕ್ಲಾಸ್ ಮಾಡಿದೆವು. ಮಾಲು ಒಳಗೆ ಬರುವ ಇಡೀ ಕೆಲಸದ ಯಜಮಾನ ಅದು. ಬಿಗಿನ್, ಕಮಿಟ್, ರೋಲ್‌ಬ್ಯಾಕ್ ಹೇಳುವ ಹಕ್ಕು ಇಂಥ ಸೇವೆಗಳಿಗೆ ಮಾತ್ರ, ಭಂಡಾರಗಳು ಆ ಮಾತೇ ಎತ್ತುವಂತಿಲ್ಲ, ಎಕ್ಸೆಪ್ಶನ್ ಬಂದರೆ ನುಂಗುವಂತೆಯೂ ಇಲ್ಲ. ಕೊನೆಗೆ ಸೇರಿದ ಇನ್‌ಸರ್ಟ್ ನಂಬರ್ ಕೂಡ ಕನೆಕ್ಷನ್‌ಗೆ ಸೇರಿದ್ದೇ ಅಲ್ವಾ, ಹಾಗಾಗಿ ಪಾವತಿ ಭಂಡಾರವೇ ಅದನ್ನು ಓದಿ ಸೇವೆಗೆ ವಾಪಸ್ ಕೊಡುತ್ತದೆ.

ಲಾಗ್‌ಗೆ ಎರಡನೇ ಕನೆಕ್ಷನ್, ಬರೆಯುವ ಮಾತು ಬಂದಾಗ ಮಾತ್ರ ತೆರೆಯುತ್ತದೆ. ಲಾಗ್ ಟೇಬಲ್‌ನಿಂದ ಪಾವತಿ ಟೇಬಲ್‌ಗೆ ಫಾರಿನ್ ಕೀ ಇಟ್ಟಿಲ್ಲ, ಇಟ್ಟರೆ ಏಪ್ರಿಲ್‌ನ ಕಥೆ ಮತ್ತೆ ಶುರು. ಎಸ್‌ಎಂಎಸ್ ಸ್ಕ್ರಿಪ್ಟ್ ಪ್ರತಿ ಸಲ ಎದ್ದಾಗ ಹೊಸ ಕನೆಕ್ಷನ್ ತೆರೆದು, ಕೆಲಸ ಮುಗಿದಮೇಲೆ ಮುಚ್ಚುತ್ತದೆ.

ಪರ್ಸಿಸ್ಟೆಂಟ್ ಕನೆಕ್ಷನ್ (ರಿಕ್ವೆಸ್ಟ್ ಮುಗಿದರೂ ಮುಚ್ಚದೆ ಇಡುವ ಕನೆಕ್ಷನ್) ಹಾಕಬಹುದಿತ್ತಲ್ಲ ಅಂತ ಗೆಳೆಯರೊಬ್ಬರು ಕೇಳಿದರು. ಹಿಂದಿನ ರಿಕ್ವೆಸ್ಟ್ ಬಿಟ್ಟುಹೋದ ಟೇಬಲ್ ಲಾಕ್, ತಾತ್ಕಾಲಿಕ ಟೇಬಲ್ ಮುಂದಿನವರಿಗೆ ಅಂಟಿಕೊಳ್ಳಬಹುದು. ಒಂದೇ ಮಷೀನಿನಲ್ಲಿರುವ ಮೈಎಸ್‌ಕ್ಯುಎಲ್‌ಗೆ ಕನೆಕ್ಟ್ ಆಗಲು ಹಿಡಿಯುವ ಹೊತ್ತು ಉಳಿಸಲು ಅಷ್ಟು ಅಪಾಯ ಬೇಕಿಲ್ಲ ಅಂತ ಬಿಟ್ಟೆವು. ಪಿಎಚ್‌ಪಿಯಲ್ಲಿ ಪ್ರತಿ ರಿಕ್ವೆಸ್ಟೂ ಖಾಲಿ ಕೈಯಲ್ಲಿ ಶುರುವಾಗುತ್ತದೆ, ಅದು ನಮ್ಮ ಪಾಲಿಗೆ ವರ. ನೋಡ್‌ನಲ್ಲೋ ಜಾವಾದಲ್ಲೋ ಒಂದೇ ಪ್ರೊಸೆಸ್ ಬಹಳ ಜನರಿಗೆ ಒಟ್ಟಿಗೆ ಉತ್ತರ ಕೊಡುತ್ತದೆ, ಅಲ್ಲಿ ಒಂದೇ ಕನೆಕ್ಷನನ್ನು ಸಿಂಗಲ್‌ಟನ್ ಮಾಡಿಟ್ಟರೆ ಒಬ್ಬ ರೈತನ ಟ್ರಾನ್ಸಾಕ್ಷನ್ ಒಳಗೆ ಇನ್ನೊಬ್ಬನ ಲಾಟ್ ಬಂದು ಬೀಳುತ್ತದೆ. ಅಲ್ಲಿ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಬೇಕು, ಕೆಲಸ ಶುರುವಾದಾಗ ಪೂಲ್‌ನಿಂದ ಒಂದನ್ನು ತೆಗೆದು ಮುಗಿದಮೇಲೆ ವಾಪಸ್ ಇಡಬೇಕು. ಕೈಗೆ ಕೊಡುವ ರೀತಿ ಮಾತ್ರ ಅಲ್ಲೂ ಇದೇ.

ಲೆಕ್ಕ ಹಾಕಿದರೆ, ಪಿಎಚ್‌ಪಿ ವರ್ಕರ್‌ಗಳು ಹೆಚ್ಚೆಂದರೆ 20, ಒಂದೊಂದಕ್ಕೆ ಎರಡು, ಎಸ್‌ಎಂಎಸ್‌ಗೆ ಒಂದು. ಒಟ್ಟು 41. ಮಾರ್ಚ್‌ನಲ್ಲಿ ಒಬ್ಬರು ಒಂದು ಪುಟ ತೆರೆದರೆ ಆಗುತ್ತಿದ್ದಷ್ಟೇ ಈಗ ಇಡೀ ಸರ್ವರ್ ಪೂರ್ತಿ ತುಂಬಿದರೂ. ಮಿತಿಯನ್ನು 151ಕ್ಕೆ ವಾಪಸ್ ಇಳಿಸಿದ್ದೇನೆ, ಕಾದಿಟ್ಟ ಆ ಇನ್ನೊಂದು ಜಾಗ ಈಗ ನನ್ನ ಹತ್ತಿರ ಇದೆ.

ಆ 11 ಖಾಲಿ ಪಾವತಿಗಳನ್ನು ಅವಳು ಕಾಕಾನ ಪಾವತಿ ಬುಕ್ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಸರಿ ಮಾಡಿದಳು, ಒಂದೇ ಮಾಲಿಗೆ ಎರಡೆರಡು ಆಗಿದ್ದವನ್ನು ರದ್ದು ಮಾಡಿ ಕಾರಣ ಬರೆದಳು, ಅಳಿಸಲಿಲ್ಲ. ಬಾಡಿಗೆ ಬಿಲ್ ಮಾಡುವ ಪುಟವೊಂದು ಇನ್ನೂ ಹಳೇ ತಾಯಿ ಕ್ಲಾಸ್ ಮೇಲೇ ನಿಂತಿದೆ. ಅಲ್ಲಿ ಬಿಲ್ಲೂ ಪಾವತಿಯೂ ಒಟ್ಟಿಗೆ ಬದಲಾಗುತ್ತವೆ, ಹಾಗಾಗಿ ಮುಂದಿನ ಫೆಬ್ರವರಿಯಲ್ಲಿ ಮಾಲು ಬರಲು ಶುರುವಾಗುವ ಮೊದಲೇ ಅದನ್ನು ಬಿಚ್ಚಬೇಕು. ಅದನ್ನು ಅವಳೇ ಕೈಗೆತ್ತಿಕೊಂಡಿದ್ದಾಳೆ.